ಸೀಸದ ದಂಡು

ಆಟದ ಬೊಂಬೆಗಳು ಮಕ್ಕಳಿಗೆ ಮೀಸಲಾದ ವಸ್ತುಗಳೆಂದೂ, ಮೀಸೆ ಮೂಡಿದ ಮೇಲೆ ಅವುಗಳ ಕಡೆಗೆ ಕಣ್ಣು ಹಾಯಿಸುವುದು ಗಂಭೀರರಾದವರಿಗೆ ಒಪ್ಪತಕ್ಕುದಲ್ಲವೆಂದೂ ಲೋಕದಲ್ಲಿ ಸಾಮಾನ್ಯವಾದ ಭಾವನೆಯುಂಟು. ಕನ್ನಡ ನಾಡಿನ ಮನೆಗಳಲ್ಲಿ ನವರಾತ್ರಿಯ ದಿನಗಳು ಮಾತ್ರ ಈ ನಿಯಮಕ್ಕೆ ಹೊರತಾದುವು. ಆಗ ಮನೆಯ ಯಜಮಾನನು ಕೂಡ ಅಟ್ಟದಿಂದ ಪೆಟ್ಟಿಗೆಯನ್ನಿಳಿಸಿ, ಹಳೆಯ ಬಟ್ಟೆಯ ಸುತ್ತುಗಳನ್ನು ಬಿಚ್ಚಿ, ಪಟ್ಟದ ಬೊಂಬೆಗಳನ್ನು ಮೇಲಣ ಹಂತದಲ್ಲಿ ಕೂರಿಸಿ, ಕೆಳಗಣ ಸಾಲಿನಲ್ಲಿ ಸಿಪಾಯಿಗಳ ಮುಖವೆಲ್ಲ ಒಂದೇ ದಿಕ್ಕಿಗೆ ಇದೆಯೋ ಇಲ್ಲವೋ ಎಂದು ಒಂದು ಕಣ್ಣು ಮುಚ್ಚಿ ನೋಡುವುದುಂಟು. ವಿಜಯದಶಮಿಯು ಕಳೆಯಿತೆಂದರೆ ಪೆಟ್ಟಿಗೆಯು ಮರಳಿ ಅಟ್ಟವನ್ನೇರುವುದು. ಯಜಮಾನನು ಮರಳಿ ಗಂಭೀರನಾಗುವನು.

ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ವರ್ಷವಿಡೀ ಪೆಟ್ಟಿಗೆಯನ್ನು ಮುಚ್ಚದ ಒಂದು ವರ್ಗದ ಗೃಹಸ್ಥರಿದ್ದಾರೆ. ಅವರು ಬೆರಳುದ್ದಕ್ಕಿಂತಲೂ ಕಿರಿದಾದ ಲೋಹದ ಸೈನಿಕರನ್ನು ನೂರುಗಟ್ಟಲೆ ಕೊಂಡು, ಒಬ್ಬೊಬ್ಬನಿಗೂ ತಮ್ಮ ಕೈಯಿಂದಲೇ ಬಣ್ಣವಿಟ್ಟು, ಊಟದ ಮೇಜಿನಷ್ಟು ಅಗಲವಾದ ಹಲಗೆಯ ಮೇಲೆ ಬೆಟ್ಟ ಬಯಲುಗಳನ್ನು ಕಲ್ಪಿಸಿ, ದಾಳವನ್ನುರುಳಿಸಿ ಕಾಳಗವಾಡುವರು. ನೆಪೋಲಿಯನ್ನನ ಯುದ್ಧಗಳನ್ನು ಆಡುವವರು ಕೆಲವರು, ರೋಮಕರ ಯುದ್ಧಗಳನ್ನು ಆಡುವವರು ಕೆಲವರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಆಫ್ರಿಕದಲ್ಲಿಯೂ ಏಷ್ಯದಲ್ಲಿಯೂ ನಡೆದ ವಸಾಹತು ಯುದ್ಧಗಳಲ್ಲಿಯೇ ಮನಸ್ಸಿಟ್ಟವರ ಪಂಗಡವೊಂದುಂಟು. ಜೂಲುಗಳ ಯುದ್ಧ, ಸೂಡಾನಿನ ಯುದ್ಧ, ಆಫ್ಘನರ ಯುದ್ಧ, ಬೋಯರರ ಯುದ್ಧ ಎಂಬಿವು ಇವರಿಗೆ ಪ್ರಿಯವಾದುವು. ಒಂದಾನೊಂದು ಕಾಲದಲ್ಲಿ ಆಳಿಸಿಕೊಂಡ ನಾಡಿನ ವಾಚಕನಿಗೆ ಈ ಮಾತನ್ನು ಕೇಳಿದೊಡನೆ ಹುಬ್ಬು ಗಂಟಿಕ್ಕುವುದು ಸಹಜ. ಗಂಟನ್ನು ಸಡಿಲಿಸಬೇಕೆಂದೇನೂ ಇಲ್ಲ. ಆದರೆ ಪೆಟ್ಟಿಗೆಯೊಳಗೆ ಏನಿದೆಯೆಂಬುದನ್ನು ನೋಡುವುದರಲ್ಲಿ ತಪ್ಪಿಲ್ಲ.

ಈ ವಿನೋದದ ವಂಶಾವಳಿಯನ್ನು ಹಿಂಬಾಲಿಸಿ ಹೋದರೆ ದಾರಿಯು ಭರತಖಂಡಕ್ಕೇ ಬಂದು ಮುಟ್ಟುವುದು. ಆನೆ, ಕುದುರೆ, ರಥ, ಕಾಲಾಳುಗಳೆಂಬ ನಾಲ್ಕಂಗಗಳ ಸೇನೆಯನ್ನು ಎಂಟೆಂಟು ಮನೆಗಳ ಹಾಸಿನ ಮೇಲೆ ನಡೆಸುವ ಚತುರಂಗವು ಪಾರಸಿಕರ ಕೈಯನ್ನೂ ಅರಬರ ಕೈಯನ್ನೂ ದಾಟಿ ಯುರೋಪನ್ನು ಸೇರಿತು. 1780ನೆಯ ಇಸವಿಯಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್ ನಗರದಲ್ಲಿ ಹೆಲ್ವಿಗ್ ಎಂಬ ಗಣಿತೋಪಾಧ್ಯಾಯನು ಅದೇ ಹಾಸನ್ನು ಸಾವಿರದ ಆರುನೂರಕ್ಕೂ ಮಿಕ್ಕ ಮನೆಗಳಾಗಿ ವಿಸ್ತರಿಸಿ, ಅದರಲ್ಲಿ ನದಿಯನ್ನೂ ಬೆಟ್ಟವನ್ನೂ ಹಳ್ಳಿಯನ್ನೂ ಇಟ್ಟನು. 1824ರಲ್ಲಿ ಪ್ರಷ್ಯದ ಸೇನೆಯ ಯುವಕ ಅಧಿಕಾರಿಯಾದ ರೈಸ್‌ವಿಟ್ಸನು ಮನೆಗಳ ಹಾಸನ್ನೇ ತೆಗೆದುಹಾಕಿ, ನಿಜವಾದ ಭೂಪಟದ ಮೇಲೆ ಅಳತೆಗೋಲಿನಿಂದ ದಂಡನ್ನು ನಡೆಸುವ ಕ್ರಮವನ್ನು ಪ್ರಕಟಿಸಿದನು. ದಾಳದ ಬೀಳುವಿಕೆಯಿಂದ ಸಾವು ನೋವುಗಳನ್ನು ಗುಣಿಸುವ ಪದ್ಧತಿಯು ಅಲ್ಲಿ ನೆಲೆಗೊಂಡಿತು. ಪ್ರಷ್ಯದ ಸೇನಾಧಿಪತಿಗಳು ಅದನ್ನು ವಿನೋದವೆಂದು ತಿಳಿಯದೆ ವಿದ್ಯೆಯೆಂದೇ ತಿಳಿದು ಪಟಾಲಮುಗಳಿಗೆಲ್ಲ ಕಲಿಸಿದರು.

ಇದು ಲೆಕ್ಕದ ಕಡೆಯ ಕಥೆ. ಬೊಂಬೆಯ ಕಥೆಯೇ ಬೇರೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ನ್ಯೂರೆಂಬರ್ಗಿನ ಹಿಲ್ಪರ್ಟ್ ಎಂಬ ಮನೆತನದ ಕುಶಲಿಗಳು ತವರವನ್ನು ಕರಗಿಸಿ ಕಾಗದದಂತೆ ಚಪ್ಪಟೆಯಾದ ಸೈನಿಕರನ್ನು ಎರಕ ಹೊಯ್ಯತೊಡಗಿದರು. ಮುಂದೆ ಜರ್ಮನಿಯಲ್ಲಿಯೂ ಫ್ರಾನ್ಸಿನಲ್ಲಿಯೂ ಮೈದುಂಬಿದ ಗಟ್ಟಿ ಬೊಂಬೆಗಳು ಹುಟ್ಟಿದುವು; ಅವುಗಳ ಭಾರವೂ ಹೆಚ್ಚು, ಬೆಲೆಯೂ ಹೆಚ್ಚು. 1893ರಲ್ಲಿ ಲಂಡನ್ನಿನ ಬ್ರಿಟನ್ ಎಂಬ ಮನೆತನದ ಬೊಂಬೆಯ ಕಾರ್ಖಾನೆಯಲ್ಲಿ ಮಗನಾದ ವಿಲಿಯಂ ಬ್ರಿಟನ್ನನು ಒಂದು ಉಪಾಯವನ್ನು ಕಂಡುಹಿಡಿದನು. ಸೀಸಕ್ಕೆ ತವರವನ್ನೂ ಆಂಟಿಮನಿಯನ್ನೂ ಬೆರೆಸಿ ಕರಗಿಸಿದ ದ್ರವವನ್ನು ಎರಡು ಹೋಳಿನ ಅಚ್ಚಿಗೆ ಹೊಯ್ಯುವುದು. ತಣ್ಣಗಿರುವ ಅಚ್ಚಿನ ಗೋಡೆಗೆ ತಾಗಿದ ಲೋಹವು ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿತೆನ್ನುವಾಗಲೇ ಅಚ್ಚನ್ನು ಮಗುಚಿ, ನಡುವೆ ಇನ್ನೂ ಕರಗಿರುವುದನ್ನು ಹೊರಕ್ಕೆ ಸುರಿದುಬಿಡುವುದು. ಒಳಗೆ ಟೊಳ್ಳು, ಹೊರಗೆ ಸಾಕ್ಷಾತ್ ರಾವುತ. ಕೈಮಣಿಕಟ್ಟಿನ ಒಂದು ತಿರುವಿನಲ್ಲಿ ಲೋಹವೂ ಉಳಿಯಿತು, ಬೆಲೆಯೂ ಇಳಿಯಿತು. ಕಾಲಾಳಾದರೆ ಎಂಟು, ರಾವುತರಾದರೆ ಐದು, ಕೆಂಪು ಕಾಗದ ಹೊದಿಸಿದ ಪೆಟ್ಟಿಗೆಯಲ್ಲಿ ಒಂದು ಷಿಲಿಂಗಿಗೆ ದೊರೆಯುವಂತಾಯಿತು. ಸಾಹುಕಾರರ ಮಕ್ಕಳ ಸೊತ್ತಾಗಿದ್ದ ಸೈನ್ಯವು ಗುಮಾಸ್ತರ ಮನೆಯ ಮಕ್ಕಳಿಗೂ ದಕ್ಕಿತು.

ಈ ಪೆಟ್ಟಿಗೆಗಳ ಪಟ್ಟಿಯು ಬ್ರಿಟಿಷ್ ಸಾಮ್ರಾಜ್ಯದ ವಂದಿಮಾಗಧರ ಸ್ತುತಿಯಂತಿತ್ತು. ರಾಣಿಯ ಅಂಗರಕ್ಷಕರು ಮೊದಲು ಬಂದರು. ಅವರ ಹಿಂದೆ ಸ್ಕಾಟರು, ಮದ್ರಾಸಿನ ರಾವುತರು, ಬಂಗಾಳದ ಭಲ್ಲೆಯ ಸವಾರರು, ಈಜಿಪ್ತಿನ ಒಂಟೆಯ ದಳ ಎಂದು ಸಾಲುಸಾಲಾಗಿ ಬಂದರು. ಶತ್ರುಗಳೂ ಇಲ್ಲದಿರಲಿಲ್ಲ, ಬೋಯರರ ಪೆಟ್ಟಿಗೆಯಿತ್ತು, ಈಟಿ ಹಿಡಿದು ಓಡುವ ಜೂಲುಗಳ ಪೆಟ್ಟಿಗೆಯಿತ್ತು. ಆದರೆ ಹತ್ತು ಬಗೆಯ ಕೆಂಪಂಗಿಗೆ ಒಂದು ಬಗೆಯ ಶತ್ರು ಎಂಬಷ್ಟೇ ಅದರ ಪ್ರಮಾಣ. ಹುಡುಗನು ತನ್ನ ಸೈನ್ಯವನ್ನು ಮೆರವಣಿಗೆ ನಡೆಸಬಹುದಾಗಿತ್ತು. ಯುದ್ಧವಾಡಬೇಕೆಂದರೆ ಎದುರು ನಿಲ್ಲುವವರೇ ಇರಲಿಲ್ಲ.

ಬ್ರಿಟನ್ನನ ಕಾರ್ಖಾನೆಗಿಂತ ಹಿಂದೆಯೇ ಬೊಂಬೆಯ ದಂಡುಗಳು ಆಂಗ್ಲರ ಮನೆಗಳಲ್ಲಿ ವಿಚಿತ್ರವಾದ ಕೆಲಸಗಳನ್ನು ಮಾಡಿದುವು. 1826ರ ಜೂನ್ ತಿಂಗಳಲ್ಲಿ ಯಾರ್ಕ್‌ಷೈರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆಯವರು ಲೀಡ್ಸ್ ನಗರದಿಂದ ಮಗನಿಗೆಂದು ಹನ್ನೆರಡು ಮರದ ಸಿಪಾಯಿಗಳನ್ನು ತಂದರು. ಹತ್ತು ವರ್ಷದ ಷಾರ್ಲೆಟ್ ಎಲ್ಲರಿಗಿಂತ ಸುಂದರನಾದವನನ್ನು ಎತ್ತಿಕೊಂಡು, ಇವನು ವೆಲಿಂಗ್ಟನ್ ಎಂದಳು. ತಮ್ಮನಾದ ಬ್ರಾನ್ವೆಲನು ತನ್ನವನಿಗೆ ಬೋನಪಾರ್ಟೆ ಎಂದು ಹೆಸರಿಟ್ಟನು. ಆ ಮಕ್ಕಳು ತಮ್ಮ ಸಿಪಾಯಿಗಳನ್ನು ಕಲ್ಪನೆಯ ಹಡಗಿನಲ್ಲಿ ಪಶ್ಚಿಮ ಆಫ್ರಿಕದ ಕರೆಗೆ ಕಳುಹಿಸಿ, ಅಲ್ಲಿಯವರೊಡನೆ ಕಾದಾಡಿಸಿ, ರಾಜ್ಯವನ್ನು ಕಟ್ಟಿಸಿ, ಅದರ ಚರಿತ್ರೆಯನ್ನು ಅಂಗೈಗಿಂತ ಚಿಕ್ಕ ಪುಸ್ತಕಗಳಲ್ಲಿ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಬರೆದರು. ಮುಂದೆ ಆಂಗ್ಲ ಸಾಹಿತ್ಯದಲ್ಲಿ ಕೀರ್ತಿವಂತೆಯರಾದ ಆ ಸೋದರಿಯರ ಕಥನಕಲೆಗೆ ಓನಾಮವಾದುದು ಈ ವಸಾಹತಿನ ಆಟ. ಷಾರ್ಲೆಟ್ಟಳ ಕೈಯಲ್ಲಿದ್ದ ವೆಲಿಂಗ್ಟನ್ ಎಂಬವನು, ಅದಕ್ಕೆ ಇಪ್ಪತ್ತೇಳು ವರ್ಷಗಳ ಹಿಂದೆ ಆರ್ಥರ್ ವೆಲ್ಲೆಸ್ಲಿ ಎಂಬ ಹೆಸರಿನಲ್ಲಿ, ಟಿಪ್ಪು ಸುಲ್ತಾನನು ಮಡಿದ ಮೇಲೆ ಶ್ರೀರಂಗಪಟ್ಟಣದ ಅಧಿಕಾರವನ್ನು ವಹಿಸಿಕೊಂಡವನೇ ಎಂಬುದನ್ನು ವಾಚಕರು ಲಕ್ಷ್ಯದಲ್ಲಿಟ್ಟಿರಬೇಕು. ಆತನು ಈ ಬರಹದೊಳಕ್ಕೆ ಇನ್ನೊಮ್ಮೆ ಬರುವನು.

ಕ್ಷಯರೋಗಿಯೆನಿಸಿ ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ಚಳಿಗಾಲವನ್ನು ಕಳೆಯುತ್ತಿದ್ದ ಸ್ಟೀವನ್‌ಸನ್ ಕವಿಯು 1881–82ರಲ್ಲಿ ತನ್ನ ಹೆಂಡತಿಯ ಮಗನಾದ ಬಾಲಕನೊಡನೆ ಮಾಳಿಗೆಯ ನೆಲದ ಮೇಲೆ ಬಣ್ಣದ ಸೀಮೆಸುಣ್ಣದಿಂದ ಊರು, ಹೊಳೆ, ಸೇತುವೆ, ಕೆಸರುಹಾದಿಗಳನ್ನು ಬರೆದು, ತವರದ ಸಿಪಾಯಿಗಳಿಂದ ವಾರಗಟ್ಟಲೆ ಕಾಳಗವಾಡುತ್ತಿದ್ದನು. ಇದು ಸರಸವಾದ ಸಂಗತಿ. ಇದರ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ.

ಹೇಳಬೇಕಾದುದು ವಿನ್‌ಸ್ಟನ್ ಚರ್ಚಿಲನ ಸೈನ್ಯದ ವಿಷಯ. 1930ರಲ್ಲಿ ಪ್ರಕಟವಾದ ತನ್ನ ಎಳೆತನದ ವೃತ್ತಾಂತದಲ್ಲಿ ಆತನೇ ಇದನ್ನು ಬರೆದಿದ್ದಾನೆ. ಬಾಲಕನ ಬಳಿ ಸುಮಾರು 1500 ಸೀಸದ ಸೈನಿಕರಿದ್ದರು. ಎಲ್ಲರೂ ಒಂದೇ ಅಳತೆಯವರು, ಎಲ್ಲರೂ ಬ್ರಿಟಿಷರು. ಒಂದು ದಿನ ತಂದೆಯಾದ ಲಾರ್ಡ್ ರ್‍ಯಾಂಡಾಲ್ಫನು ಬಂದು, ವ್ಯೂಹವಾಗಿ ನಿಂತ ಆ ಸೇನೆಯನ್ನು ಇಪ್ಪತ್ತು ನಿಮಿಷಗಳವರೆಗೆ ಪರೀಕ್ಷಿಸಿ, ದಂಡಿಗೆ ಸೇರುವೆಯಾ ಎಂದು ಮಗನನ್ನು ಕೇಳಿದನು. ಸೇನಾನಾಯಕನ ಪ್ರತಿಭೆಯನ್ನು ತಂದೆ ತನ್ನಲ್ಲಿ ಕಂಡನೆಂದು ಹಿಗ್ಗಿ ಹುಡುಗನು ಹೂಂ ಎಂದನು. ವಕೀಲಿಗೆ ಬೇಕಾದಷ್ಟು ಬುದ್ಧಿಯು ಇವನಿಗಿಲ್ಲವೆಂದೇ ತಂದೆಯು ಹಾಗೆ ಕೇಳಿದುದೆಂಬುದು ವರ್ಷಗಳ ತರುವಾಯ ತಿಳಿಯಿತು. ಈ ಪ್ರಸಂಗವನ್ನು ಎಲ್ಲರೂ ಉದಾಹರಿಸುವರು. ಅಲ್ಲಿಯೇ ಇರುವ ಇನ್ನೊಂದು ಸಂಗತಿಯ ಕಡೆಗೆ ಅಷ್ಟಾಗಿ ಲಕ್ಷ್ಯವು ಹೋಗಿಲ್ಲ. ಎದುರು ಪಕ್ಷದ ಸೇನಾಪತಿಯು ಐದು ವರ್ಷ ಕಿರಿಯವನಾದ ತಮ್ಮ ಜ್ಯಾಕ್. ಅಣ್ಣ ತಮ್ಮಂದಿರ ನಡುವೆ ಒಂದು ಒಪ್ಪಂದವಿದ್ದಿತು: ತಮ್ಮನು ಕಪ್ಪು ಬಣ್ಣದ ಸೈನಿಕರನ್ನು ಮಾತ್ರ ಇಟ್ಟುಕೊಳ್ಳಬಹುದು, ಫಿರಂಗಿಯನ್ನು ಇಟ್ಟುಕೊಳ್ಳಕೂಡದು.

ದೊಡ್ಡವನಾದ ಮೇಲೆ ಚರ್ಚಿಲನು ಇದನ್ನು ನಗುತ್ತಲೇ ಬರೆದಿದ್ದಾನೆ. ಆದರೆ ಆ ಕೋಣೆಯ ಒಪ್ಪಂದವು ಹೊರಗಿನ ಜಗತ್ತಿನಲ್ಲಿಯೂ ಜಾರಿಯಲ್ಲಿತ್ತು. ಹುಡುಗನು ಬೆಳೆದು ನಾಲ್ಕನೆಯ ಹುಸಾರ್ ಪಟಾಲಮಿನ ಅಧಿಕಾರಿಯಾಗಿ 1896ರಲ್ಲಿ ಬೆಂಗಳೂರಿನ ದಂಡಿಗೆ ಬಂದನು. ಅಲ್ಲಿಂದ ಮುಂದೆ 1898ನೆಯ ಸೆಪ್ಟೆಂಬರ್ 2ನೆಯ ತಾರೀಖು ಸೂಡಾನಿನ ಓಮ್ಡುರ್ಮಾನ್ ಎಂಬಲ್ಲಿ ಭಲ್ಲೆಯ ಸವಾರರೊಡನೆ ಕುದುರೆಯೇರಿ ನುಗ್ಗಿದನು. ಆ ದಿನ ಮ್ಯಾಕ್ಸಿಂ ಕೋವಿಗಳ ಹಾಗೂ ಫಿರಂಗಿಗಳ ಮುಂದೆ ಖಲೀಫನ ಸೈನ್ಯದಲ್ಲಿ ಹತ್ತು ಸಹಸ್ರದಷ್ಟು ಜನ ಸತ್ತರು. ಎದುರು ಪಕ್ಷದಲ್ಲಿ ಸತ್ತವರು ಐವತ್ತಕ್ಕೂ ಕಡಿಮೆ. ತಮ್ಮನಾದ ಜ್ಯಾಕನಿಗೆ ಮಕ್ಕಳ ಕೋಣೆಯಲ್ಲಿ ಯಾವ ಅವಕಾಶವಿತ್ತೋ, ಸೂಡಾನಿನ ಬಯಲಿನಲ್ಲಿ ಖಲೀಫನಿಗೂ ಹೆಚ್ಚು ಕಡಿಮೆ ಅಷ್ಟೇ ಇದ್ದಿತು.

ಈ ಅನ್ಯಾಯವಿಲ್ಲದ ಆಟವನ್ನು ಕಟ್ಟಿದವನು ಹೆಚ್. ಜಿ. ವೆಲ್ಸ್. ಆತನು 1913ರಲ್ಲಿ ಚಿಕ್ಕ ಯುದ್ಧಗಳ ಮೇಲೆ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದನು. ಕಾಲಾಳು ಒಂದು ಸರದಿಗೆ ಒಂದಡಿ, ರಾವುತನು ಎರಡಡಿ ನಡೆಯಬೇಕು. ಕಮಾನಿನ ಬಲದಿಂದ ಅಂಗುಲದಷ್ಟು ಮರದ ತುಂಡನ್ನು ಹಾರಿಸುವ ಆಟದ ಫಿರಂಗಿಯಿಂದ ಗುರಿಯಿಟ್ಟು ಹೊಡೆದಾಗ ಬಿದ್ದವನು ಸತ್ತಂತೆ. ನಲವತ್ತು ದಾಟಿದ ಆ ಪ್ರಸಿದ್ಧ ಗ್ರಂಥಕರ್ತನು ನೆಲದ ಮೇಲೆ ಹೊಟ್ಟೆಯೂರಿ ಮಲಗಿ ಗುರಿ ಹಿಡಿಯುತ್ತಿದ್ದನು. ಅವನ ದಂಡುಗಳು ಕೆಂಪು, ನೀಲಿ ಎಂಬ ಎರಡು ಬಣ್ಣದವು. ಎರಡಕ್ಕೂ ಸಮನಾದ ಬಲ, ಎರಡಕ್ಕೂ ಫಿರಂಗಿ. ಜಗತ್ತಿನ ಯುದ್ಧೋತ್ಸಾಹಿಗಳಾದ ಅರಸರನ್ನೂ ಮಂತ್ರಿಗಳನ್ನೂ ಒಂದು ಕೋಣೆಯಲ್ಲಿ ಕೂಡಿಹಾಕಿ ಈ ಆಟವನ್ನು ಕೊಟ್ಟರೆ ಹೊರಗಿನ ಜನರು ಸುಖವಾಗಿ ಬಾಳಬಹುದೆಂಬುದು ಆ ಪುಸ್ತಕದ ಅಭಿಪ್ರಾಯ. ಮರುವರ್ಷವೇ ಮಹಾಯುದ್ಧವು ಬಂದಿತು. ಆಟದಲ್ಲಿ ಸಮತೆಯನ್ನು ಸ್ಥಾಪಿಸಿದ ಶ್ರೇಯಸ್ಸು ಮಾತ್ರ ವೆಲ್ಸನಿಗೆ ಸಲ್ಲತಕ್ಕದ್ದು.

ಮುಂದಿನ ಐವತ್ತು ವರ್ಷಗಳ ವೃತ್ತಾಂತವನ್ನು ಬೇಗನೆ ದಾಟಬಹುದು. 1957ರಲ್ಲಿ ಕ್ಯಾಲಿಫೋರ್ನಿಯದ ಜ್ಯಾಕ್ ಸ್ಕ್ರೂಬಿ ಎಂಬವನು ಈ ಹವ್ಯಾಸಕ್ಕೆಂದೇ ಒಂದು ಪತ್ರಿಕೆಯನ್ನು ಹೊರಡಿಸಿದನು. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕಿನ ಪಡೆಯಲ್ಲಿದ್ದು, ತರುವಾಯ ಸೌತಾಂಪ್ಟನ್ನಿನ ಕಾಲ್ಚೆಂಡಿನ ತಂಡದವರ ಕೈಕಾಲುಗಳ ಉಳುಕನ್ನು ನೋಡಿಕೊಳ್ಳುತ್ತಿದ್ದ ಡೊನಾಲ್ಡ್ ಫೆದರ್‌ಸ್ಟನ್ 1962ರಲ್ಲಿ ಬರೆದ ಗ್ರಂಥದಿಂದ ಇಂಗ್ಲೆಂಡಿನಲ್ಲಿ ಈ ಆಟವು ಮನೆಮನೆಗೆ ಹರಡಿತು. ಇತ್ತ ಸೀಸವು ಮಕ್ಕಳಿಗೆ ವಿಷವೆಂಬ ಅರಿವು ಬಲವಾಗಿ, ಪ್ಲಾಸ್ಟಿಕ್ಕೂ ಬಂದು, ಬ್ರಿಟನ್ನರ ಕಾರ್ಖಾನೆಯು 1966ರಲ್ಲಿ ಟೊಳ್ಳು ಬೊಂಬೆಗಳ ಎರಕವನ್ನು ನಿಲ್ಲಿಸಿತು. ಅಂದಿನಿಂದ ಅವು ಆಟದ ವಸ್ತುಗಳಾಗಿರದೆ ಬೆಲೆಯ ವಸ್ತುಗಳಾದುವು. ಅವನ್ನು ಕೂಡಿಡುವವರು ಓಕ್ ಮರದ ಬೀರುವನ್ನು ಕಂಡರೆ ಹೆದರುವರು. ಆ ಮರದಿಂದ ಹೊರಡುವ ಹುಳಿಯ ಆವಿಯು ತಗುಲಿ ಸೀಸವು ಬಿಳಿಯ ಪುಡಿಯಾಗಿ ಉದುರುವುದಂತೆ. ಅಂಗರಕ್ಷಕರ ಪಟಾಲಮು ಯುದ್ಧವಿಲ್ಲದೆಯೇ ಬೀರುವಿನಲ್ಲಿ ಸಾಯುವುದು.

ಆಟವಾಡುವವರ ಸೈನಿಕರು ಅವುಗಳ ಅರ್ಧದಷ್ಟು ಎತ್ತರದವರು. ಬ್ರಿಟನ್ನರದು 54 ಮಿಲಿಮೀಟರಿನ ಸಿಪಾಯಿ; ಇವರದು 25 ಅಥವಾ 28 ಮಿಲಿಮೀಟರಿನವನು. ಅದಕ್ಕೂ ಕಿರಿದಾದ 15ರವರೂ ಇದ್ದಾರೆ. ರಬ್ಬರಿನ ದುಂಡು ಅಚ್ಚನ್ನು ಗಾಣದಂತೆ ವೇಗವಾಗಿ ತಿರುಗಿಸುತ್ತ ನಡುವಿನ ತೂತಿನಿಂದ ಬಿಳಿಲೋಹವನ್ನು ಹೊಯ್ದರೆ, ಅದು ಸುತ್ತಲಿನ ಗುಳಿಗಳಿಗೆಲ್ಲ ಚಿಮ್ಮಿ ತುಂಬಿಕೊಳ್ಳುವುದು. ಒಂದು ಸುತ್ತಿಗೆ ಒಂದು ತುಕಡಿ. ಈಚೆಗೆ ಪ್ಲಾಸ್ಟಿಕ್ಕಿನವೂ, ಯಂತ್ರದಿಂದ ಪದರಪದರವಾಗಿ ಮುದ್ರಿಸಿದ ರಾಳದವೂ ಬಂದು ಲೋಹಕ್ಕೆ ಪೈಪೋಟಿ ಕೊಡುತ್ತಿವೆ. ಆದರೂ ಅಂಗೈಯಲ್ಲಿ ಭಾರವಿಲ್ಲದ ಸಿಪಾಯಿಯು ಸಿಪಾಯಿಯೇ ಅಲ್ಲವೆನ್ನುವ ಲೋಹಪಕ್ಷಪಾತಿಗಳು ಇನ್ನೂ ಅನೇಕರಿದ್ದಾರೆ. ಹಿತ್ತಾಳೆಯ ಪಾತ್ರೆಯಿಂದ ಬೇರೆಯದಕ್ಕೆ ಬಂದ ಮನೆಯ ಹೆಂಗಸರಿಗೆ ಈ ಮಾತು ಅರ್ಥವಾಗದೆ ಇರದು.

ವಸಾಹತು ಯುದ್ಧದ ಹುಚ್ಚು ಹಿಡಿದವನ ಕಥೆಯು ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಆರಂಭವಾಗುವುದು. 1964ರಲ್ಲಿ ತೆರೆಗೆ ಬಂದ ಜೂಲು ಎಂಬ ಚಲಚ್ಚಿತ್ರವನ್ನು ಹುಡುಗನಾಗಿದ್ದಾಗ ಕಂಡು ಮರುಳಾದವರು ಅಸಂಖ್ಯಾತರು. 1879ನೆಯ ಜನವರಿ 22ರ ಮಧ್ಯಾಹ್ನದಿಂದ ಮರುದಿನದ ಬೆಳಗಿನವರೆಗೆ ರೋರ್ಕ್ಸ್ ಡ್ರಿಫ್ಟ್ ಎಂಬ ಹೊಳೆದಂಡೆಯ ಠಾಣ್ಯದಲ್ಲಿ ಸುಮಾರು 150 ಮಂದಿ ಬ್ರಿಟಿಷರು ಜೋಳದ ಚೀಲಗಳನ್ನೂ ಬಿಸ್ಕತ್ತಿನ ಪೆಟ್ಟಿಗೆಗಳನ್ನೂ ಅಡ್ಡಗೋಡೆಯಾಗಿ ಒಟ್ಟಿಕೊಂಡು, ಮೂರು ನಾಲ್ಕು ಸಾವಿರ ಜೂಲು ಯೋಧರನ್ನು ತಡೆದು ನಿಂತರು. ಅವರಲ್ಲಿ ಹನ್ನೊಂದು ಮಂದಿಗೆ ವಿಕ್ಟೋರಿಯಾ ಪದಕವು ದೊರೆಯಿತು. ಇದು ಚಿತ್ರದ ಕಥೆ. ಅದರಲ್ಲಿ ಜೂಲುಗಳ ರಾಜನಾದ ಸೆಟ್ಶ್ವಾಯೊನ ಪಾತ್ರವನ್ನು ಅದೇ ವಂಶಕ್ಕೆ ಸೇರಿದ ಬುಥೆಲೆಜಿಯೆಂಬ ನಾಯಕನೇ ವಹಿಸಿದ್ದನು.

ಚಿತ್ರವನ್ನು ಕಂಡವನು ಮೊದಲು ಕೆಂಪಂಗಿಯವರನ್ನೇ ಕೊಳ್ಳುವನು. ಇಪ್ಪತ್ತನಾಲ್ಕನೆಯ ಪಟಾಲಮಿನವರಿಗೆ ಕೊರಳಪಟ್ಟಿಯೂ ತೋಳಿನ ತುದಿಯೂ ಹುಲ್ಲುಹಸಿರು. ಬಿಳಿಯ ಟೋಪಿಯನ್ನು ಹಾಗೆಯೇ ಬಿಳಿದಾಗಿ ಬಿಟ್ಟರೆ ಬಲ್ಲವರು ನಗುವರು; ದೂರಕ್ಕೆ ಹೊಳೆಯಬಾರದೆಂದು ಆ ಸಿಪಾಯಿಗಳು ಟೋಪಿಗೆ ಚಹದ ಕಷಾಯವನ್ನು ಬಳಿಯುತ್ತಿದ್ದರಾದ್ದರಿಂದ, ಕುಂಚಕ್ಕೂ ಅಷ್ಟು ಕಂದು ಬಣ್ಣವು ಬೇಕು. ಹದಿನೈದು ದಿನಗಳಲ್ಲಿ ಈ ಕೆಲಸವು ಮುಗಿಯುವುದು. ಆಮೇಲೆ ಜೂಲುಗಳ ಸರದಿ. ಆಗ ಅವನಿಗೆ ಲೆಕ್ಕದ ಸತ್ಯವು ಗೋಚರಿಸುವುದು. ರೋರ್ಕ್ಸ್ ಡ್ರಿಫ್ಟಿನ ದಿನವೇ, ಅಲ್ಲಿಗೆ ಕೆಲವು ಹರದಾರಿ ದೂರದ ಇಸಾಂಡ್ಲ್ವಾನ ಎಂಬ ಗುಡ್ಡದ ಬುಡದಲ್ಲಿ, ಸುಮಾರು 1800 ಜನರಿದ್ದ ಬ್ರಿಟಿಷರ ಪಾಳೆಯದ ಮೇಲೆ ಸುಮಾರು 20,000 ಜೂಲುಗಳು ಬಿದ್ದು ಅದನ್ನು ನಿರ್ನಾಮ ಮಾಡಿದರು. ಇಪ್ಪತ್ತು ಯೋಧರಿಗೆ ಒಂದು ಬೊಂಬೆಯಂತೆ ಹಿಡಿದರೂ ಈ ಕಡೆಗೆ ತೊಂಬತ್ತು, ಆ ಕಡೆಗೆ ಒಂದು ಸಾವಿರ. ಬೊಂಬೆಗೆ ಅರ್ಧ ಗಂಟೆಯಂತೆ ಬಣ್ಣವಿಟ್ಟರೆ ಈ ಕಡೆಗೆ ನಲವತ್ತೈದು ಗಂಟೆ, ಆ ಕಡೆಗೆ ಐನೂರು ಗಂಟೆ. ಬ್ರಿಟಿಷರ ಶೌರ್ಯವನ್ನು ಮೆರೆಸಬೇಕೆಂದು ಹೊರಟವನು ಚಳಿಗಾಲದ ಸಂಜೆಗಳನ್ನೆಲ್ಲ ದೀಪದ ಮುಂದೆ ಜೂಲುಗಳ ಸಂಗಡ ಕಳೆಯಬೇಕಾಗುವುದು. ಬೇರೆ ದಾರಿಯಿಲ್ಲ. ಶತ್ರುವಿಲ್ಲದ ಸೈನ್ಯಕ್ಕೆ ಮೆರವಣಿಗೆಯಲ್ಲದೆ ಬೇರೇನುಂಟು?

ಮೊದಲ ಇಪ್ಪತ್ತು ಬೊಂಬೆಗಳವರೆಗೆ ಅವನಿಗೆ ಜೂಲುಗಳೆಲ್ಲರೂ ಒಂದೇ. ಕಪ್ಪು ಮೈ, ಒಂದು ತೊಗಲು, ಒಂದು ಈಟಿ. ಐವತ್ತನೆಯದರ ಹೊತ್ತಿಗೆ ಗುರಾಣಿಯು ತೊಡಕು ಹುಟ್ಟಿಸುವುದು. ಯಾವ ಗುರಾಣಿಗೆ ಯಾವ ಬಣ್ಣ? ಪುಸ್ತಕಗಳನ್ನು ತೆರೆಯಲೇಬೇಕು. ಆಗ ತಿಳಿಯುವುದೇನೆಂದರೆ, ಗುರಾಣಿಯು ಎತ್ತಿನ ತೊಗಲಿನದು; ತೊಗಲು ರಾಜನ ಮಂದೆಯದು; ಏಕವಯಸ್ಕರಾದ ತರುಣರನ್ನು ಕೂಡಿಸಿ ಒಂದೊಂದು ಪಡೆಯಾಗಿ ಕಟ್ಟಿ, ಆ ಪಡೆಗೆ ಹೆಸರನ್ನೂ ಗುರಾಣಿಯ ಬಣ್ಣವನ್ನೂ ರಾಜನೇ ಕೊಡುತ್ತಿದ್ದನು. ಎಳೆಯರಿಗೆ ಕಪ್ಪು ಅಥವಾ ಕಡುಬಣ್ಣ. ವಯಸ್ಸು ಹೆಚ್ಚಿದಂತೆ ಗುರಾಣಿಯಲ್ಲಿ ಬಿಳುಪೂ ಹೆಚ್ಚುವುದು. ಅಂದ ಮೇಲೆ ಬಿಳಿಯ ಗುರಾಣಿಯನ್ನು ಹಿಡಿದವನ ತಲೆಯ ಮೇಲೆ ಇಸಿಕೋಕೊ ಎಂಬ ಬಳೆಯಿರಬೇಕು. ನಾರನ್ನು ಸುತ್ತಿ ಅಂಟಿನಿಂದ ನಯಗೊಳಿಸಿ ಕೂದಲಿನೊಳಗೆ ಹೊಲಿದ ಆ ಬಳೆಯು, ಮದುವೆಗೆ ರಾಜನಪ್ಪಣೆಯನ್ನು ಪಡೆದವನ ಗುರುತು. ರೋರ್ಕ್ಸ್ ಡ್ರಿಫ್ಟಿನ ಮೇಲೆ ಬಿದ್ದವರಲ್ಲಿ ಉಥುಲ್ವಾನ ಎಂಬ ಪಡೆಯವರು ಇಂಥವರು. ನಲವತ್ತು ದಾಟಿದ ಸಂಸಾರಿಗಳು. ರಾಜನಾದ ಸೆಟ್ಶ್ವಾಯೊನೇ ತಾರುಣ್ಯದಲ್ಲಿ ಆ ಪಡೆಗೆ ಸೇರಿದವನು. ಬೆಳಗಿನ ಕಾಳಗದಲ್ಲಿ ಹಿಂದಣ ಬಲವಾಗಿ ನಿಂತು ಕೈಕಟ್ಟಿಕೊಂಡಿರಬೇಕಾಗಿ ಬಂದುದರಿಂದ, ಮನೆಗೆ ಬರಿಗೈಯಲ್ಲಿ ಹೋಗುವುದು ಅವರಿಗೆ ಅವಮಾನವಾಯಿತು. ರಾಜನ ಅಪ್ಪಣೆಯಿಲ್ಲದಿದ್ದರೂ ರಾಜನ ಮಲಸೋದರನಾದ ದಬುಲಮಾಂಜಿಯ ನಾಯಕತ್ವದಲ್ಲಿ ಹೊಳೆಯನ್ನು ದಾಟಿದರು.

ತೆರೆಯ ಮೇಲೆ ಅಲೆಯಲೆಯಾಗಿ ಬಂದು ಸತ್ತವರು ಇವರೇ ಎಂಬುದು ಬಣ್ಣವಿಡುವವನಿಗೆ ಈಗ ಗೊತ್ತಾಗುವುದು. ನಡುವಯಸ್ಸಿನ, ಹಸಿದ, ಮಾನಕ್ಕಂಜಿದ ಗೃಹಸ್ಥರು. ಬಹುಶಃ ಬಣ್ಣವಿಡುವವನದೇ ವಯಸ್ಸಿನವರು. ಅವನು ಅವರ ತಲೆಯ ಮೇಲೆ ಬಳೆಯನ್ನು ಬರೆಯಲು ಕುಂಚದ ತುದಿಯನ್ನು ಬಾಯಲ್ಲಿ ಚೂಪುಮಾಡಿಕೊಳ್ಳುವನು. (ಈ ಅಭ್ಯಾಸವು ಒಳ್ಳೆಯದಲ್ಲ, ಬಣ್ಣಗಳಲ್ಲಿ ವಿಷವುಂಟು.)

ಜೂಲುಗಳ ವ್ಯೂಹವು ಕೋಣದ ಆಕಾರದ್ದು. ನಡುವೆ ಎದೆ, ಎರಡು ಕಡೆ ಕೊಂಬುಗಳು, ಹಿಂದೆ ಸೊಂಟ. ಎದೆಯು ಶತ್ರುವನ್ನು ಹಿಡಿದು ನಿಲ್ಲಿಸಿದಾಗ ಎಳೆಯರ ಪಡೆಗಳು ಕೊಂಬಾಗಿ ಓಡಿ ಹಿಂದಿನಿಂದ ಬಳಸುವುವು. ಭಾರತದ ಯುದ್ಧಪರ್ವಗಳನ್ನು ಕೇಳಿದವರಿಗೆ ಇದು ಅಪರಿಚಿತವೆನಿಸದು. ಆಟದ ಮೇಜಿನ ಮೇಲೆ ಈ ಕೊಂಬುಗಳನ್ನು ನಡೆಸಿ ನೋಡಿದವನಿಗೆ, ಫಿರಂಗಿಯಿಲ್ಲದ, ಹಳೆಯ ಬಂದೂಕುಗಳ ಆ ಜನ ಮಾರ್ಟಿನಿ ಹೆನ್ರಿ ಕೋವಿಗಳ ಸಾಲನ್ನು ಹೇಗೆ ಮುರಿದರೆಂಬುದು ಪುಸ್ತಕವನ್ನು ಹತ್ತು ಸಲ ಓದಿದುದಕ್ಕಿಂತ ಚೆನ್ನಾಗಿ ಮನವರಿಕೆಯಾಗುವುದು. 1979ರಲ್ಲಿ ಅಮೆರಿಕದ ಲ್ಯಾರಿ ಬ್ರಾಮ್ ಎಂಬವನು ಈ ಯುದ್ಧಗಳಿಗೆಂದೇ ಬರೆದ ನಿಯಮಾವಳಿಯಲ್ಲಿ ಇಸ್ಪೀಟಿನ ಎಲೆಗಳನ್ನು ಕಲೆಸಿಟ್ಟು ಒಂದೊಂದಾಗಿ ಮಗುಚುವರು. ಎಲೆಯು ಕೆಂಪಾದರೆ ಒಂದು ಪಕ್ಷದ ತುಕಡಿ ನಡೆಯಬೇಕು, ಕಪ್ಪಾದರೆ ಇನ್ನೊಂದು ಪಕ್ಷದ್ದು. ಗುಂಡು ಹಾರಿಸುವ ಸರದಿಯು ಬರುವ ಮೊದಲೇ ಎದುರಿನವರ ಎಲೆಗಳು ಒಂದರ ಮೇಲೊಂದು ಬಿದ್ದರೆ ಈಟಿಗಳು ಸಾಲಿನೊಳಗೆ ಬಂದುಬಿಡುವುವು. ಚರ್ಚಿಲನ ಕೋಣೆಯ ಒಪ್ಪಂದವು ಇಲ್ಲಿ ನಡೆಯದು.

ಆದರೂ ಕೂಡಿಡುವವನ ಪೆಟ್ಟಿಗೆಯಲ್ಲಿ ಒಂದು ಕೊರತೆಯು ಉಳಿಯುವುದು. ಇಸಾಂಡ್ಲ್ವಾನದಲ್ಲಿ ಬ್ರಿಟಿಷರ ಪಕ್ಷದಲ್ಲಿ ಮಡಿದ ಸುಮಾರು 1300 ಮಂದಿಯಲ್ಲಿ ನೂರಾರು ಜನ ಆಫ್ರಿಕದವರೇ. ನಟಾಲ್ ಪ್ರಾಂತದಲ್ಲಿ ಕೂಡಿಸಿದ ದೇಶೀಯ ಪಡೆಯವರು. ಅವರಲ್ಲಿ ಅತಿ ಸ್ವಲ್ಪ ಜನರಿಗೆ ಮಾತ್ರ ಬಂದೂಕನ್ನು ಕೊಟ್ಟಿದ್ದರು. ಜೂಲುಗಳಿಂದ ಅವರನ್ನು ಬೇರೆಯಾಗಿ ತೋರಿಸಲು ತಲೆಗೆ ಸುತ್ತಿದ ಕೆಂಪು ಬಟ್ಟೆಯೊಂದೇ ಗುರುತು. ಕೆಂಪಂಗಿಗಳನ್ನು ಲೆಕ್ಕ ತಪ್ಪದೆ ಕೊಂಡವರು ಅನೇಕರು ಇವರನ್ನು ಕೊಳ್ಳಲು ಮರೆಯುವರು. ಯಾವನೋ ಒಬ್ಬ ನಿಷ್ಠಾವಂತನು ಮಾತ್ರ ಮಿಕ್ಕುಳಿದ ಜೂಲು ಬೊಂಬೆಗಳ ಹಣೆಯ ಮೇಲೆ ಒಂದು ಎಳೆ ಕೆಂಪನ್ನು ಎಳೆದು ಅವರನ್ನು ಈ ಪಕ್ಷಕ್ಕೆ ಸೇರಿಸಿಕೊಳ್ಳುವನು.

ಮೇಜಿಗೆ ಅಂಚುಂಟು ಎಂಬುದು ಇನ್ನೊಂದು ದೊಡ್ಡ ಕೊರತೆ. 1879ನೆಯ ಜುಲೈ 4ರಂದು ಉಲುಂಡಿಯಲ್ಲಿ ಬ್ರಿಟಿಷರು ನಾಲ್ಕು ಮುಖದ ವ್ಯೂಹವನ್ನು ಕಟ್ಟಿ, ಗ್ಯಾಟ್ಲಿಂಗ್ ಕೋವಿಗಳನ್ನು ಮುಂದಣ ಮುಖದ ನಡುವಿನಲ್ಲಿಟ್ಟು, ಮುಕ್ಕಾಲು ಗಂಟೆಯೊಳಗಾಗಿ ಜೂಲುಗಳ ಬಲವನ್ನು ಮುರಿದು ರಾಜನ ಊರನ್ನು ಸುಟ್ಟರು. ಆಟವು ಅಲ್ಲಿಗೆ ಮುಗಿಯುವುದು. ಬಿದ್ದ ಬೊಂಬೆಗಳನ್ನೆತ್ತಿ ಪೆಟ್ಟಿಗೆಯಲ್ಲಿಡುವರು. ರಾಜನನ್ನು ಸೆರೆಹಿಡಿದು ಹಡಗಿನಲ್ಲಿ ಕೇಪ್‌ಟೌನಿಗೆ ಸಾಗಿಸಿದುದು, ರಾಜ್ಯವನ್ನು ಹದಿಮೂರು ತುಂಡುಗಳಾಗಿ ಹರಿದು ಹಂಚಿದುದು, ಆ ತುಂಡುಗಳೊಳಗೇ ಅಂತಃಕಲಹವು ಹುಟ್ಟಿ ಯುದ್ಧದಲ್ಲಿ ಉಳಿದವರೂ ಅಳಿದುದು, ಇವೊಂದಕ್ಕೂ ದಾಳವಿಲ್ಲ, ಎಲೆಯಿಲ್ಲ. ಬಣ್ಣವಿಡುವಾಗ ತಿಳಿದಷ್ಟನ್ನು ಆಡುವಾಗ ಮರೆಯಬೇಕಾಗುವುದು. ಇದನ್ನು ಬಲ್ಲವರು ಕೆಲವರು ಈ ಯುದ್ಧಗಳನ್ನೇ ಬಿಟ್ಟು ನೆಪೋಲಿಯನ್ನನ ಕಡೆಗೆ ತಿರುಗಿದ್ದಾರೆ. ಕೆಲವರು ಜೂಲುಗಳ ಪಕ್ಷವನ್ನಲ್ಲದೆ ಆಡುವುದೇ ಇಲ್ಲ. ಬಹುಮಂದಿ ಅದನ್ನೂ ಬಲ್ಲರು, ಆಟವನ್ನೂ ಆಡುವರು. ಮನುಷ್ಯರು ಇನ್ನೂ ಎಷ್ಟೋ ವಿಷಯಗಳಲ್ಲಿ ಹಾಗೆಯೇ ಇರುವರಾದ್ದರಿಂದ ಇವರನ್ನೊಬ್ಬರನ್ನೇ ದೂಷಿಸುವುದು ನ್ಯಾಯವಲ್ಲ.

ವೆಲ್ಲೆಸ್ಲಿಯ ಮಾತು ಉಳಿದಿದೆ. ಮೈಸೂರಿನ ಯುದ್ಧಗಳನ್ನಾಡುವವರೂ ಈ ಜನರಲ್ಲಿದ್ದಾರೆ. ಟಿಪ್ಪುವಿನ ಹುಲಿಪಟ್ಟೆಯ ಅಂಗಿಯ ಕಾಲಾಳುಗಳು, ಬಿದಿರಿಗೆ ಕಬ್ಬಿಣದ ನಳಿಗೆಯನ್ನು ಕಟ್ಟಿದ ಬಾಣವನ್ನು ಹಾರಿಸುವವರು, ಇವರೆಲ್ಲ 28 ಮಿಲಿಮೀಟರಿನ ಲೋಹದಲ್ಲಿ ದೊರೆಯುವರು. ಇವರಿಗೆ ಬಣ್ಣವಿಡಬೇಕಾದರೆ ಗತಿಯೇನು? ಜೂಲುಗಳ ವಿಷಯದಲ್ಲಾದಂತೆ ಇಲ್ಲಿಯೂ ಹೆಚ್ಚಿನ ಸಾಕ್ಷ್ಯವೆಲ್ಲ ಗೆದ್ದವರ ಕೈಯದು. ಆಂಗ್ಲ ಅಧಿಕಾರಿಗಳ ದಿನಚರಿ, ಆಂಗ್ಲ ಚಿತ್ರಕಾರರ ಪಟ. ಟಿಪ್ಪುವಿಗೂ ಒಂದು ಯುದ್ಧದ ಬೊಂಬೆಯಿದ್ದಿತು. ಬಿಳಿಯನೊಬ್ಬನ ಕೊರಳನ್ನು ಹಿಡಿದ, ಒಳಗೆ ಗರ್ಜನೆಯ ಯಂತ್ರವುಳ್ಳ ಆ ಮರದ ಹುಲಿಯನ್ನು 1799ರಲ್ಲಿ ಶ್ರೀರಂಗಪಟ್ಟಣದಿಂದ ಕೊಂಡೊಯ್ದರು. ಅದು ಈಗ ಲಂಡನ್ನಿನ ವಿಕ್ಟೋರಿಯಾ ಹಾಗೂ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹುಲಿಯನ್ನು ನೋಡಿದರೆ ಮನಸ್ಸು ತಿಳಿಯಬಹುದು, ಪಟಾಲಮಿನ ಉಡುಪು ತಿಳಿಯದು.

ಉಡುಪಿಗೂ ವ್ಯೂಹಕ್ಕೂ ಈ ಪಕ್ಷದ ಸಾಕ್ಷಿಯಾಗಿ ಒಂದು ಗೋಡೆಯಿದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ತಿನ ಪಡುವಣ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧವನ್ನು ಬರೆಯಿಸಿದೆ. 1780ನೆಯ ಸೆಪ್ಟೆಂಬರ್ 10ರಂದು ಕರ್ನಲ್ ಬೇಯ್ಲಿಯ ಸೇನೆಯು ಹೈದರ ಟಿಪ್ಪುಗಳ ಕೈಗೆ ಸಿಕ್ಕಿ ನುಚ್ಚುನೂರಾದ ಯುದ್ಧವದು. ನಡುವೆ ಕೆಂಪಂಗಿಯವರ ನಾಲ್ಕು ಮುಖದ ವ್ಯೂಹ, ಅದರೊಳಗೆ ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಬೇಯ್ಲಿ, ಪಕ್ಕದಲ್ಲಿ ಸಿಡಿಯುತ್ತಿರುವ ಮದ್ದಿನ ಬಂಡಿ. ಸುತ್ತಲೂ ಸಾಲುಸಾಲಾಗಿ ಮೈಸೂರಿನ ರಾವುತರು, ಒಬ್ಬೊಬ್ಬನೂ ಪೆಟ್ಟಿಗೆಯಿಂದ ಆಗತಾನೆ ತೆಗೆದು ನಿಲ್ಲಿಸಿದಂತೆ. ಬೊಂಬೆಗೆ ಬಣ್ಣವಿಡುವವನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು? ಸೋಲಿಸಿಕೊಂಡವರು ಗೆದ್ದ ದಿನವನ್ನು ತಾವೇ ಬರೆಯಿಸಿಟ್ಟ ಚಿತ್ರವಿದು.

ಇದರಲ್ಲಿಯೂ ಒಂದು ತೊಡಕುಂಟು. 1799ರ ಮುತ್ತಿಗೆಗೆ ಮುಂಚೆಯೇ ಆ ಚಿತ್ರಕ್ಕೆ ಸುಣ್ಣವನ್ನು ಬಳಿಯಲಾಗಿತ್ತು. ಪಟ್ಟಣವು ಬಿದ್ದ ಮೇಲೆ ದರಿಯಾ ದೌಲತ್ತಿನಲ್ಲಿ ವಾಸಮಾಡಿ ಆ ಸೋಲಿನ ಚಿತ್ರವನ್ನು ಮತ್ತೆ ಬರೆಯಿಸಿದವನು ಆರ್ಥರ್ ವೆಲ್ಲೆಸ್ಲಿ. ಅದು ಪುನಃ ಮಾಸಿದಾಗ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಿಂದ ಇನ್ನೊಮ್ಮೆ ಬಣ್ಣವನ್ನು ತುಂಬಿಸಲಾಯಿತು. ಈಗ ಗೋಡೆಯ ಮೇಲೆ ಕಾಣುವ ರಾವುತನ ರುಮಾಲಿನ ಬಣ್ಣವು ಟಿಪ್ಪುವಿನ ಚಿತ್ರಕಾರನದೋ, ವೆಲ್ಲೆಸ್ಲಿಯ ಚಿತ್ರಕಾರನದೋ, ಡಾಲ್‌ಹೌಸಿಯ ಕಾಲದವನದೋ ಎಂಬುದನ್ನು ವಿಚಾರಿಸುತ್ತ, ಕುಂಚವನ್ನು ನೀರಿನಲ್ಲದ್ದಿ, ಅಂಗೈಯಲ್ಲಿ ಒಂದು ಸೀಸದ ಸವಾರನನ್ನು ಹಿಡಿದು ಕೂಡಿಡುವವನು ಇನ್ನೂ ಕುಳಿತಿದ್ದಾನೆ.